ತೋಬಣ್ಣನ ಹೆಚ್ಚುವರಿ ನಾಲ್ಕು ವರ್ಷ

ತೋಬಣ್ಣ ಸತ್ತು ನಾಲ್ಕು ವರ್ಷವಾಗಿತ್ತು. ಲೋಕಕ್ಕೆಲ್ಲ ಅದು ಹಳೆಯ ಸುದ್ದಿ. ರಾಮನಗರದ ಹಬೀಬ್ ಸಾಹೇಬರ ರೇಷ್ಮೆ ನೂಲಿನ ಯೂನಿಟ್ಟಿನಲ್ಲಿ ಮಾತ್ರ ಅವನಿನ್ನೂ ಬದುಕಿದ್ದ. ಪ್ರತಿ ಸೋಮವಾರ ಬೆಳಿಗ್ಗೆ ಒಂದು ಗಂಟೆ ಕಾಲ ಪೈಪು ರಿಪೇರಿ ಮಾಡಿಕೊಂಡು, ಅಡುಗೆಯವನ ಜೊತೆ ಜಗಳ ಆಡಿಕೊಂಡು, ನರ್ಸಿಂಗ್ ಓದುವ ಮಗಳಿಗೆ ಬುದ್ಧಿ ಹೇಳಿಕೊಂಡು ಇದ್ದ. ಅವನನ್ನು ಹಾಗೆ ಉಳಿಸಿಕೊಂಡವಳು ಪ್ರತಿಮಾ. ಅದು ಗೊತ್ತಿದ್ದದ್ದೂ ಅವಳೊಬ್ಬಳಿಗೇ.

ತೋಬಣ್ಣ ಈ ಕಡೆಯವನೇನಲ್ಲ. ಏಳು ವರ್ಷದಿಂದ ಮೊಬೈಲಿನಲ್ಲಿ ಬರುತ್ತಿದ್ದ ಒಂದು ಇಂಗ್ಲಿಷ್ ಧಾರಾವಾಹಿಯ ಪಾತ್ರ. ಭೂಮಿಯ ಮೇಲೆ ಇರಲಿಕ್ಕೆ ಆಗದ ಹಾಗಾಗಿ, ಮುನ್ನೂರು ಜನ ಒಂದು ದೊಡ್ಡ ಆಕಾಶದ ಹಡಗು ಹತ್ತಿ ದೂರದ ನಕ್ಷತ್ರವೊಂದರ ಕಡೆ ಹೊರಟ ಕಥೆ ಅದು. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು. ಯೂನಿಟ್ಟಿನ ಹೆಂಗಸರು ಅದನ್ನು ಕರೆಯುತ್ತಿದ್ದದ್ದು ‘ಮ್ಯಾಲಿನೋರ ಕತೆ’ ಎಂದು. ತೋಬಿಯಾಸ್ ಎನ್ನುವವನು ಆ ಹಡಗಿನ ತಳದಲ್ಲಿ ಬಿಸಿನೀರಿನ ಪಂಪು ನೋಡಿಕೊಳ್ಳುವ ಆಳು. ಸದಾ ನೀರಲ್ಲಿದ್ದು ಅವನ ಬೆರಳುಗಳೆಲ್ಲ ಬಿಳಿಚಿ ಸುಲಿದುಹೋಗಿದ್ದವು. ಪ್ರತಿಮಾ ಮೊದಲ ಸಲ ಅದನ್ನು ಹೇಳಿದಾಗ ಇಪ್ಪತ್ತು ಬೇಸಿನ್ನುಗಳ ಮುಂದೆ ಕೂತಿದ್ದವರೆಲ್ಲ ತಮ್ಮ ತಮ್ಮ ಬೆರಳು ನೋಡಿಕೊಂಡಿದ್ದರು. ಅವತ್ತೇ ಅವನು ತೋಬಣ್ಣನಾದ.

ಪ್ರತಿಮಾ ಹೊಂಗನೂರಿನವಳು. ಚನ್ನಪಟ್ಟಣದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಭೌತಶಾಸ್ತ್ರದ ಮೇಡಂ ಒಂದು ಸಂಜೆ ಮಹಡಿಯ ಮೇಲೆ ದೂರದರ್ಶಕ ಇಟ್ಟು ಶನಿಗ್ರಹ ತೋರಿಸಿದ್ದರು. ಬಳೆಯೊಳಗೆ ಇಟ್ಟ ಕಡಲೆಕಾಳಿನ ಹಾಗಿತ್ತು. ಅದನ್ನು ನೋಡಿ ಕೆಳಗಿಳಿದು ಬಂದವಳಿಗೆ ಹೊಂಗನೂರಿನ ಬಸ್ಸು, ಹಿಪ್ಪುನೇರಳೆ ತೋಟ, ಮನೆಯ ತಟ್ಟೆಗಳಲ್ಲಿನ ಹುಳು ಎಲ್ಲವೂ ಸ್ವಲ್ಪ ದಿನ ತೀರಾ ಹತ್ತಿರದಲ್ಲಿರುವಂತೆ ಅನ್ನಿಸಿತ್ತು. ಕೊನೆಯ ವರ್ಷದ ಪರೀಕ್ಷೆಯ ವಾರವೇ ಆ ಹುಳು ನಾಲ್ಕನೇ ಜ್ವರ ಬಿಟ್ಟು ಎದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ತಲೆಯೆತ್ತಿ ಅಲುಗಾಡದೆ ನಿದ್ದೆ ಮಾಡಿ ಪೊರೆ ಬಿಡುವ ಹೊತ್ತು. ಎದ್ದ ಮೇಲೆ ಅವು ಬಕಾಸುರರು. “ಹೋಗವ್ವ, ಬರ್ಕಂಡ್ ಬಾ, ನಾವ್ ನೋಡ್ಕತೀವಿ” ಎಂದು ಅಪ್ಪ ರಾಮಲಿಂಗಯ್ಯ ಹೇಳಿದ್ದೇನೋ ನಿಜ. ಸೊಪ್ಪಿಲ್ಲದೆ ಬರಿದಾದ ತಟ್ಟೆಗಳ ಮೇಲೆ ಹುಳು ತಲೆ ಆಡಿಸುವುದನ್ನು ಕಂಡು ಹೊರಡಲಾಗದೆ ಅವಳೇ ಕುಡುಗೋಲು ಹಿಡಿದು ತೋಟಕ್ಕೆ ಇಳಿದಳು. ಎರಡು ಪರೀಕ್ಷೆ ತಪ್ಪಿದವು. ಮತ್ತೆ ಬರೆಯುವವರೆಗೆ ಇರಲಿ ಎಂದು ಹಬೀಬ್ ಸಾಹೇಬರ ಯೂನಿಟ್ಟಿಗೆ ಸೇರಿದಳು. ಅದಾಗಿ ಹದಿಮೂರು ವರ್ಷ.

ಅಲ್ಲಿನ ಕೆಲಸಕ್ಕೆ ಕಣ್ಣು ಮತ್ತು ಕೈ ಎರಡೂ ಪೂರ್ತಿ ಬೇಕು. ಬೆಂದ ಗೂಡುಗಳು ಬಿಸಿನೀರಿನ ಬೇಸಿನ್ನಿನಲ್ಲಿ ಕುಣಿಯುತ್ತಿರುತ್ತವೆ. ಎಂಟು ಗೂಡಿನ ಎಳೆ ಸೇರಿ ಒಂದು ನೂಲು. ಒಂದು ಗೂಡು ಮುಗಿದರೂ ನೂಲು ತೆಳುವಾಗುತ್ತದೆ, ತಕ್ಷಣ ಇನ್ನೊಂದರ ಎಳೆ ಹುಡುಕಿ ಎಸೆಯಬೇಕು. ತಲೆ ಎತ್ತುವ ಹಾಗಿಲ್ಲ. ಸುಮ್ಮನಿರುವುದು ಕಿವಿ ಮಾತ್ರ. ಆ ಕಿವಿಗೆ ಪ್ರತಿಮಾ ಕಥೆ ಹೇಳುತ್ತಿದ್ದಳು. ಬಿಡದಿಯ ಕಾರು ಕಾರ್ಖಾನೆಯಲ್ಲಿದ್ದ ತಮ್ಮ ಮನೋಹರ್ ತನ್ನ ಹಳೆಯ ಫೋನನ್ನು ಅವಳಿಗೆ ಕೊಟ್ಟಿದ್ದ. ಯೂನಿಟ್ಟಿಗೆ ಅರ್ಧ ದಿನವಿರುವ ಭಾನುವಾರ ಮಧ್ಯಾಹ್ನ ಅದರಲ್ಲಿ ನೋಡುವುದು, ಸೋಮವಾರ ಹೇಳುವುದು. ವರ್ಷಕ್ಕೆ ಬರುತ್ತಿದ್ದದ್ದು ಹತ್ತೇ ಕಂತು. ಅದನ್ನು ಅವಳು ಎಳೆ ಎಳೆಯಾಗಿ ಇಡೀ ವರ್ಷಕ್ಕೆ ಬಿಡಿಸುತ್ತಿದ್ದಳು.

“ಏನಮ್ಮಿ, ಮ್ಯಾಲಿನೋರು ಏನಂತವ್ರೆ?” ಎಂದು ಮುನಿರತ್ನಮ್ಮ ಶುರು ಹಚ್ಚುತ್ತಿದ್ದಳು. ಅವಳು ಯೂನಿಟ್ಟಿನ ಹಿರಿಯಳು, ಬಾಯಿಗೆ ಬೀಗವಿಲ್ಲದವಳು.

“ಕ್ಯಾಪ್ಟನ್ನಮ್ಮ ನೀರಿಗೆ ರೇಶನ್ ಮಾಡ್ಬುಟ್ಳು ಕಣಕ್ಕ. ತಲೆಗೆರಡು ಚೊಂಬು.”

“ಅಲ್ಲೂ ನೀರಿಲ್ವ? ಅಷ್ಟ್ ದೂರ ಹೋದ್ರೂ ನಮ್ ಕರ್ಮ ಬುಡ್ಲಿಲ್ಲ ಬುಡು.”

ಪಕ್ಕದ ಬೇಸಿನ್ನಿನ ಯಲ್ಲಮ್ಮ ಹೆಚ್ಚು ಮಾತಿನವಳಲ್ಲ. ಕೊನೆಗೆ ಒಂದೇ ಒಂದು ಪ್ರಶ್ನೆ ಅವಳದು. “ತೋಬಣ್ಣ ಏನ್ ಮಾಡ್ದ?”

ನಾಲ್ಕು ವರ್ಷದ ಹಿಂದೆ, ಮೂರನೆಯ ಸೀಸನ್ ನಡೆಯುತ್ತಿದ್ದಾಗ, ಯಲ್ಲಮ್ಮನ ಗಂಡ ಅಂಕಯ್ಯ ಹೋಗಿಬಿಟ್ಟ. ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸದವನು. ಒಂದು ಬೆಳಿಗ್ಗೆ ಕನಕಪುರದ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತವನು ಏಳಲೇ ಇಲ್ಲ. ನಿದ್ದೆ ಮಾಡುತ್ತಿದ್ದಾನೆ ಎಂದುಕೊಂಡು ಜನ ಮಧ್ಯಾಹ್ನದವರೆಗೂ ಅವನ ಪಕ್ಕದಲ್ಲೇ ಕೂತು ಎದ್ದು ಹೋಗಿದ್ದರು. ಮಗ ಮಹೇಂದ್ರ ಆಗಿನ್ನೂ ಪಿಯುಸಿ ಹುಡುಗ. ಓದಿದವಳು ಜೊತೆಗಿರಲಿ ಎಂದು ಪ್ರತಿಮಾಳೇ ಅವನೊಂದಿಗೆ ಹೋಗಿದ್ದಳು. ಅವನು ಪೊಲೀಸರ ಕಾಗದಕ್ಕೆ ಸಹಿ ಹಾಕುತ್ತಿದ್ದಾಗ, ಬೆಂಚಿನ ಎದುರು ಸೀಬೆಹಣ್ಣು ಮಾರುತ್ತಿದ್ದ ಮುದುಕಿ ಅವಳನ್ನು ಕರೆದು ಹೇಳಿದಳು: “ನೀರ್ ಕೇಳುದ್ರು ಕಣವ್ವ. ನನ್ ಬಾಟ್ಲಿನೇ ಕೊಟ್ಟೆ. ಕುಡ್ದು, ‘ತಣ್ಣಗಾಯ್ತು ತಾಯಿ’ ಅಂದ್ರು. ಆಮೇಕೆ ಕಣ್ ಮುಚ್ಕಂಡ್ರು. ಮಲಗವ್ರೆ ಅಂದ್ಕಂಡೆ.”

ಆ ಮಾತನ್ನು ಪ್ರತಿಮಾ ತಂದು ಯಲ್ಲಮ್ಮನಿಗೆ ಒಪ್ಪಿಸಿದಳು. ಮುದುಕಿಯ ಬಾಯಿಂದ ಅದನ್ನು ಕೇಳಿದವಳು ಅವಳೊಬ್ಬಳೇ. ಅಳು ನಿಂತ ಮೇಲೂ ಯಲ್ಲಮ್ಮ ಅದನ್ನು ಬಿಡಲಿಲ್ಲ. ಸೊಪ್ಪು ಸೋಸುವಾಗ, ಬಸ್ಸಿಗೆ ಕಾಯುವಾಗ, ಯಾರಿಗೂ ಅಲ್ಲದ ಹಾಗೆ ಹೇಳಿಕೊಳ್ಳುತ್ತಿದ್ದಳು. “ನೀರ್ ಕುಡ್ದ್ನಂತೆ. ತಣ್ಣಗಾಯ್ತು ಅಂದ್ನಂತೆ.”

ಅವಳು ಕೆಲಸಕ್ಕೆ ವಾಪಸು ಬಂದ ಸೋಮವಾರದ ಹಿಂದಿನ ದಿನವೇ ಮೂರನೆಯ ಸೀಸನ್ನಿನ ಕೊನೆಯ ಕಂತು. ಅದರಲ್ಲಿ ತೋಬಣ್ಣ ಸತ್ತ. ಬೇಸಿನ್ನಿನ ಮುಂದೆ ಕೂತು ಯಲ್ಲಮ್ಮ ಬರಿದಾದ ಕೈಗಳನ್ನು ನೀರಿಗೆ ಇಳಿಸಿದಳು. ಆಮೇಲೆ ಕೇಳಿದಳು, “ತೋಬಣ್ಣ ಏನ್ ಮಾಡ್ದ?”

ಪ್ರತಿಮಾ ತಲೆ ಎತ್ತಲಿಲ್ಲ. “ಪಂಪು ರಿಪೇರಿ ಮಾಡ್ದ ಕಣಕ್ಕ. ಎಲ್ರೂ ಬದುಕುದ್ರು” ಎಂದಳು.

ಒಂದು ವಾರದ ಮಟ್ಟಿಗೆ ಎಂದುಕೊಂಡಿದ್ದಳು. ವಾರ ತಿಂಗಳಾಯಿತು. ಅವನಿಗೆ ಮಕ್ಕಳಿಲ್ಲವೇ ಎಂದು ಯಲ್ಲಮ್ಮ ಕೇಳಿದ ದಿನ ಅವನಿಗೊಬ್ಬ ಮಗಳು ಹುಟ್ಟಿದಳು. ಯಲ್ಲಮ್ಮನ ಮಗಳು ಚೈತ್ರಾ ನರ್ಸಿಂಗಿಗೆ ಸೇರಿದ ವರ್ಷ ತೋಬಣ್ಣನ ಮಗಳೂ ಸೇರಿದಳು. ಚೈತ್ರಾ ಪಾಸಾದಾಗ ಹಡಗಿನಲ್ಲೂ ಪಾಯಸ ಮಾಡಿದರು. ಪ್ರತಿಮಾಳ ತಮ್ಮನ ಫೋನಿನಲ್ಲಿ ಅವನ ಸುಳಿವೇ ಇರಲಿಲ್ಲ. ಬೇಸಿನ್ನಿನ ಹಬೆಯಲ್ಲಿ ಅವನು ಒಂದೊಂದೇ ವರ್ಷ ದೊಡ್ಡವನಾಗುತ್ತಿದ್ದ.

ಏಳನೆಯ ಸೀಸನ್ ಶುರುವಾಗುವ ವಾರ ಹಬೀಬ್ ಸಾಹೇಬರ ಮಗಳು ಮೆಹ್ರೀನ್ ಮೈಸೂರಿನ ಹಾಸ್ಟೆಲಿನಿಂದ ಓದು ಮುಗಿಸಿ, ಯೂನಿಟ್ಟಿನ ಮಹಡಿಯ ಮೇಲಿದ್ದ ಮನೆಗೆ ಬಂದಿದ್ದಳು. ಊಟದ ಹೊತ್ತಿಗೆ ಕೆಳಗಿಳಿದು ಬಂದವಳ ಕಿವಿಗೆ ‘ಕ್ಯಾಪ್ಟನ್ನಮ್ಮ’ ಎನ್ನುವ ಮಾತು ಬಿತ್ತು. ಅವಳು ಖುಷಿಗೆ ಹಾರಿಯೇ ಬಿಟ್ಟಳು.

“ನೀವೆಲ್ಲಾ ಅದನ್ನ ನೋಡ್ತೀರಾ ಆಂಟಿ?”

“ನಾವೆಲ್ ನೋಡ್ತೀವವ್ವ, ಕೇಳ್ತೀವಿ” ಎಂದಳು ಮುನಿರತ್ನಮ್ಮ. “ಇವ್ಳೇ ನಮ್ ಟೀವಿ.”

“ಈ ಸಲದಿಂದ ಕನ್ನಡದಲ್ಲೂ ಬರುತ್ತೆ. ಶುಕ್ರವಾರ ಮಧ್ಯಾಹ್ನ ಫಸ್ಟ್ ಎಪಿಸೋಡ್. ಹೆಂಗೂ ನಮಾಜಿನ ದಿನ ಯೂನಿಟ್ಟಿಗೆ ರಜೆ, ಎಲ್ಲಾ ನಮ್ಮನೇಗೆ ಬನ್ನಿ. ದೊಡ್ಡ ಟೀವಿ ಇದೆ.”

ಹೆಂಗಸರು ಮದುವೆಗೆ ಕರೆದ ಹಾಗೆ ಸಂಭ್ರಮಪಟ್ಟರು. ಪ್ರತಿಮಾಳ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಆಮೇಲೆ ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡಳು. ಸತ್ತು ನಾಲ್ಕು ವರ್ಷವಾದ ಒಬ್ಬ ಪಂಪಿನವನನ್ನು ಹೊಸ ಸೀಸನ್ನಿನಲ್ಲಿ ಯಾರು ನೆನೆಯುತ್ತಾರೆ? ನಾಲ್ಕು, ಐದು, ಆರರಲ್ಲಿ ಅವನ ಹೆಸರೇ ಬಂದಿರಲಿಲ್ಲ. ಗುರುವಾರ ಬೇಸಿನ್ನಿನ ಮುಂದೆ ಸುಮ್ಮನೆ ಹೇಳುವವಳಂತೆ ಹೇಳಿದಳು, “ತೋಬಣ್ಣ ಈಗ ಇನ್ನೊಂದು ಹಡಗಿಗೆ ಡ್ಯೂಟಿ ಮೇಲೆ ಹೋಗವ್ನೆ. ನಾಳೆ ಕಾಣುಸ್ತಾನೋ ಇಲ್ವೋ.”

“ಬತ್ತಾನೆ ಬುಡು” ಎಂದಳು ಯಲ್ಲಮ್ಮ. “ನೋಡ್ದಂಗಾಯ್ತದೆ ಒಂದ್ ಸಲ.”

ಶುಕ್ರವಾರ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು.

ಮೆಹ್ರೀನಳ ನಡುಮನೆಯಲ್ಲಿ ಒಂಬತ್ತು ಜನ ಜಮಖಾನೆಯ ಮೇಲೆ ಒತ್ತಿಕೊಂಡು ಕೂತರು. ತಲೆ ಎತ್ತಿ ಕಥೆ ಕೇಳುವುದು ಅವರಿಗೆ ಹೊಸತು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಿದ್ದರು. ಹಡಗು ಕಂಡಿತು. “ಇಷ್ಟ್ ದೊಡ್ದ!” ಎಂದರು. ಕ್ಯಾಪ್ಟನ್ನಮ್ಮ ಬಂದಳು. “ಅಯ್ಯೋ, ಇನ್ನೂ ಹುಡ್ಗಿ ಇವ್ಳು” ಎಂದು ಮುನಿರತ್ನಮ್ಮ ಬೇಸರ ಮಾಡಿಕೊಂಡಳು. ಕ್ಯಾಪ್ಟನ್ನಮ್ಮ ಹಡಗಿನ ತಳಕ್ಕೆ ಇಳಿದಳು, ಪಂಪಿನ ಮನೆಯ ಗೋಡೆಯ ಮುಂದೆ ನಿಂತಳು. ಗೋಡೆಯ ಮೇಲೆ ಕೆಂಚು ಗಡ್ಡದ ಒಬ್ಬ ಮನುಷ್ಯನ ಫೋಟೋ, ಕೆಳಗೆ ಒಂದು ಸಣ್ಣ ದೀಪ.

ಅಚ್ಚ ಕನ್ನಡದಲ್ಲಿ ಅವಳು ಹೇಳಿದಳು: “ತೋಬಿಯಾಸ್, ನೀನು ತೀರಿಕೊಂಡು ಇವತ್ತಿಗೆ ನಾಲ್ಕು ವರ್ಷ.”

ಮೊದಲು ಯಾರಿಗೂ ತಲೆಗೆ ಹೋಗಲಿಲ್ಲ.

“ಏನಂದ್ಲು?” ಎಂದಳು ಮುನಿರತ್ನಮ್ಮ. “ಯಾರ್ ತೀರ್ಕಂಡಿದ್ದು?”

“ತೋಬಿ, ಆಂಟಿ. ಮೂರನೇ ಸೀಸನ್ನಲ್ಲೇ ಹೋದ್ನಲ್ಲ” ಎಂದಳು ಮೆಹ್ರೀನ್, ಕಣ್ಣು ಟೀವಿಯಿಂದ ತೆಗೆಯದೆ.

“ಥೂ, ಬುಡ್ತು ಅನ್ನು. ಹೋದ ಸೋಮಾರ ಇನ್ನೂ ಅಡ್ಗೆಯೋನ್ ಜೊತೆ ಜಗ್ಳ ಆಡವ್ನೆ.”

“ಯಾರು?”

“ತೋಬಣ್ಣ!”

ಮೆಹ್ರೀನ್ ಈಗ ತಿರುಗಿ ನೋಡಿದಳು. ತಮಾಷೆ ಮಾಡುತ್ತಿದ್ದಾರೆಯೇ ಎಂದು ಒಂದೊಂದೇ ಮುಖ ನೋಡಿದಳು. ಹಿಂದಿನಿಂದ ಯಾರೋ ಮೆಲ್ಲಗೆ ಕೇಳಿದರು, “ಹಂಗಾದ್ರೆ ಅವ್ನ್ ಮಗ್ಳು?”

“ತೋಬಿಗೆ ಮಗಳೇ ಇಲ್ಲ ಆಂಟಿ.”

ಒಂಬತ್ತು ಜನರಲ್ಲಿ ಏಳು ತಲೆಗಳು ಪ್ರತಿಮಾಳ ಕಡೆ ತಿರುಗಿದವು. ಹದಿಮೂರು ವರ್ಷದಲ್ಲಿ ಅವಳು ಮಾತಾಡುವಾಗ ಯಾರೂ ಅವಳ ಮುಖ ನೋಡಿದ್ದಿಲ್ಲ. ತಿರುಗದೆ ಉಳಿದದ್ದು ಯಲ್ಲಮ್ಮ ಒಬ್ಬಳೇ. ಅವಳು ಫೋಟೋದ ಕೆಂಚು ಗಡ್ಡವನ್ನೇ ನೋಡುತ್ತಿದ್ದಳು, ಬಸ್ಸು ತಪ್ಪಿ ಬೇರೆ ಊರಲ್ಲಿ ಇಳಿದವಳ ಹಾಗೆ.

ಕಂತು ಮುಂದುವರಿಯಿತು. ಕೊನೆಗೆ ಕ್ಯಾಪ್ಟನ್ನಮ್ಮ ಯಾರಿಗೂ ಹೇಳದೆ ಹಡಗನ್ನು ಹಿಂದಕ್ಕೆ, ಬಿಟ್ಟುಬಂದ ಭೂಮಿಯ ಕಡೆಗೇ, ತಿರುಗಿಸಿಬಿಟ್ಟಳು. ಮೆಹ್ರೀನ್ ಬಾಯಿಗೆ ಕೈ ಇಟ್ಟು ಕಿರುಚಿದಳು. ಅವಳ ಫೋನು ಒಂದೇ ಸಮ ಗುಂಯ್‌ಗುಟ್ಟಿತು. “ಎಲ್ಲರಿಗೂ ಶಾಕ್! ಏಳು ವರ್ಷ ಬಂದ ದಾರಿ ವೇಸ್ಟ್! ಅಳ್ತಾ ಇದಾರೆ ಜನ, ನೋಡಿ” ಎಂದು ಓದಿ ಹೇಳಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲೆಲ್ಲಿಯೋ ಇರುವ ಜನ ತಿರುಗಿದ ಹಡಗಿಗಾಗಿ ಬೆಚ್ಚಿಬಿದ್ದಿದ್ದ ಹೊತ್ತಿಗೆ ಆ ನಡುಮನೆಯಲ್ಲಿ ಒಂದು ಹಳೆಯ ಸಾವು ಆಗಷ್ಟೇ ನಡೆದಿತ್ತು.

“ನಾಕ್ ವರ್ಸ ಹೆಣದ್ ಕೈಲಿ ಮಾತಾಡ್ಸಿದ್ಯಲ್ಲಮ್ಮಿ” ಎಂದಳು ಮುನಿರತ್ನಮ್ಮ, ಏಳುತ್ತಾ. “ನಾನು ಅವ್ನ್ ಮಗ್ಳಿಗೆ ಗಂಡು ಬ್ಯಾರೆ ನೋಡ್ತಿದ್ದೆ.” ಅದಕ್ಕೆ ಯಾರಾದರೂ ನಗಬಹುದಿತ್ತು. ನಗಲಿಲ್ಲ.

ಮೆಟ್ಟಿಲ ಕೆಳಗೆ ಯಲ್ಲಮ್ಮ ಚಪ್ಪಲಿ ಹುಡುಕುತ್ತಿದ್ದಳು. ಪ್ರತಿಮಾ ಹೋಗಿ ಎದುರು ನಿಂತಳು. ಯಲ್ಲಮ್ಮನೇ ಕೇಳಿದಳು.

“ಅದೂ ಹಿಂಗೇಯ?”

“ಯಾವ್ದು ಯಲ್ಲಕ್ಕ?”

“ಸೀಬೆಹಣ್ಣಿನೋಳು. ನೀರು.”

ತೋಬಣ್ಣನ ವಿಷಯಕ್ಕೆ ಬೈಯುತ್ತಾಳೆ, ಅಳುತ್ತಾಳೆ, ಮಾತು ಬಿಡುತ್ತಾಳೆ, ಇಷ್ಟನ್ನೇ ಪ್ರತಿಮಾ ಯೋಚಿಸಿದ್ದು. ಒಂದು ಸುಳ್ಳು ಹೀಗೆ ಹಿಂದಕ್ಕೆ ನಡೆದು ಹೋಗಿ ಒಂದು ನಿಜವನ್ನು ಮುಟ್ಟಬಹುದೆಂದು ಹೊಳೆದಿರಲೇ ಇಲ್ಲ.

“ಅದು ನಿಜ ಅಕ್ಕ. ನನ್ನಾಣೆ, ಅದು ನಿಜ.”

“ಊಂ” ಎಂದಳು ಯಲ್ಲಮ್ಮ. ಚಪ್ಪಲಿ ಸಿಕ್ಕಿತು. ಹೋದಳು.

ಶನಿವಾರ ಯಲ್ಲಮ್ಮ ಕೆಲಸಕ್ಕೆ ಬರಲಿಲ್ಲ. ಭಾನುವಾರ ಮಧ್ಯಾಹ್ನ ಪ್ರತಿಮಾ ಯಾರಿಗೂ ಹೇಳದೆ ಕನಕಪುರದ ಬಸ್ಸು ಹತ್ತಿದಳು. ಆ ಮುದುಕಿಯನ್ನು ಹುಡುಕುವುದು, ಬರುವ ಶುಕ್ರವಾರ ಯಲ್ಲಮ್ಮನನ್ನು ಕರೆತಂದು ಅವಳ ಬಾಯಿಂದಲೇ ಕೇಳಿಸುವುದು, ದಾರಿಯುದ್ದಕ್ಕೂ ಅದೇ ಧ್ಯಾನ. ಬಸ್‌ಸ್ಟ್ಯಾಂಡಿನಲ್ಲಿ ಬೆಂಚುಗಳ ಜಾಗ ಬದಲಾಗಿತ್ತು. ಮುದುಕಿ ಕೂರುತ್ತಿದ್ದ ಕಡೆ ಒಬ್ಬ ಮೊಬೈಲ್ ಕವರ್ ಹರವಿಕೊಂಡಿದ್ದ.

“ಸೀಬೆಹಣ್ಣಿನ ಅಜ್ಜಿನಾ? ನಾನ್ ಬಂದೇ ಎರಡು ವರ್ಷ ಆಯ್ತು ಮೇಡಂ, ಯಾವ ಅಜ್ಜೀನೂ ನೋಡಿಲ್ಲ.”

ಹೂವಿನವಳನ್ನು, ಟೀ ಅಂಗಡಿಯವನನ್ನು, ಟಿಕೆಟ್ ಕೌಂಟರಿನವರನ್ನು ಕೇಳಿದಳು. ಹೆಸರೇನು ಎಂದು ಅವರು ಕೇಳಿದರು. ಹೆಸರು ಅವಳಿಗೆ ಗೊತ್ತಿರಲಿಲ್ಲ. ಅವತ್ತು ಕೇಳಬೇಕೆಂದು ತೋಚಿರಲಿಲ್ಲ. ಹೊಸ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಳು. ಪಕ್ಕದಲ್ಲಿ ಜನ ಕೂತರು, ಎದ್ದು ಹೋದರು. ಲೋಕದಲ್ಲಿ ಆ ಒಂದು ಬಾಟಲಿ ನೀರಿಗೆ ಉಳಿದ ಸಾಕ್ಷಿ ತಾನೊಬ್ಬಳೇ, ತನ್ನ ಮಾತಿಗೀಗ ಬೆಲೆಯಿಲ್ಲ ಎಂಬುದು ಅಲ್ಲಿ ಅವಳಿಗೆ ಪೂರ್ತಿಯಾಗಿ ತಿಳಿಯಿತು.

ಸೋಮವಾರ ಯಲ್ಲಮ್ಮ ಬಂದಳು. ತನ್ನ ಬೇಸಿನ್ನಿನ ಮುಂದೆಯೇ ಕೂತಳು. ಗಂಟೆ ಒಂಬತ್ತಾಯಿತು. ಮೇಲಿನವರು ಏನನ್ನುತ್ತಾರೆಂದು ಮುನಿರತ್ನಮ್ಮ ಕೇಳಲಿಲ್ಲ. ಯಂತ್ರದ ಗದ್ದಲವನ್ನು ಅಷ್ಟು ಜೋರಾಗಿ ಅವರು ಯಾವತ್ತೂ ಕೇಳಿರಲಿಲ್ಲ. ಮಂಗಳವಾರವೂ ಹಾಗೇ. ಬುಧವಾರ, ಹೊಸದಾಗಿ ಬೆಂದ ಗೂಡುಗಳನ್ನು ಬೇಸಿನ್ನಿಗೆ ಸುರಿದ ಮೇಲೆ, ಯಲ್ಲಮ್ಮ ನೀರು ನೋಡುತ್ತಲೇ ಕೇಳಿದಳು.

“ಅವ್ನು ಹೆಂಗ್ ಸತ್ತ?”

ಅಕ್ಕಪಕ್ಕದ ಬೇಸಿನ್ನುಗಳಲ್ಲಿ ಎಳೆ ಎಸೆಯುತ್ತಿದ್ದ ಕೈಗಳು ನಿಧಾನವಾದವು.

ಪ್ರತಿಮಾ ಹೇಳಿದಳು. ಪಂಪು ನಿಂತು ಹಡಗಿನೊಳಗೆ ಚಳಿ ಏರಿದ್ದು. ಅದರ ಕೋಣೆಯ ಬಾಗಿಲು ಒಳಗಿನಿಂದ ಮುಚ್ಚಿದರೆ ಮಾತ್ರ ರಿಪೇರಿ ಸಾಧ್ಯವಿದ್ದದ್ದು. ತೋಬಣ್ಣ ಒಳಗೆ ಹೋಗಿ ಬಾಗಿಲು ಹಾಕಿಕೊಂಡದ್ದು. ಬಿಸಿ ಹಬೆ. ಕ್ಯಾಪ್ಟನ್ನಮ್ಮ ಹೊರಗಿನಿಂದ ಬಾಗಿಲು ಬಡಿದದ್ದು, ಒಳಗಿನ ಶಬ್ದಕ್ಕೆ ಅವನಿಗೆ ಅದು ಕೇಳಿಸದೆ ಹೋದದ್ದು. ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. ಒಂದು ಪಾಯಸವನ್ನೂ ಸೇರಿಸಲಿಲ್ಲ.

“ನೀರ್ ಕೇಳುದ್ನಾ?”

ಹೌದು ಎಂದುಬಿಡುವುದು ಎಷ್ಟು ಸುಲಭವಿತ್ತು. ಮಾತು ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತು, ನಾಲ್ಕು ವರ್ಷದ ಅಭ್ಯಾಸ.

“ಇಲ್ಲ ಅಕ್ಕ. ಕೇಳಕ್ಕೆ ಅಲ್ಲಿ ಯಾರೂ ಇರ್ಲಿಲ್ಲ.”

“ಕಡೇಗಂಟ?”

“ಕಡೇಗಂಟ. ಒಬ್ನೇ ಇದ್ದ.”

ಯಲ್ಲಮ್ಮ ಒಂದು ಮುಗಿದ ಗೂಡನ್ನು ಎತ್ತಿ ಬುಟ್ಟಿಗೆ ಹಾಕಿದಳು. ಅದರೊಳಗಿನ ಕಪ್ಪು ಹುಳು ತೆಳು ಪೊರೆಯ ಹಿಂದೆ ಕಾಣುತ್ತಿತ್ತು. ಪ್ರತಿಮಾಳಿಗೆ ಇನ್ನೂ ಒಂದು ಮಾತು ಹೇಳುವುದಿತ್ತು. ಅದು ತನ್ನ ವಿರುದ್ಧವೇ ಹೋಗುವ ಮಾತೆಂದು ಅವಳಿಗೆ ಗೊತ್ತಿತ್ತು.

“ಭಾನ್ವಾರ ಕನಕಪುರಕ್ಕೆ ಹೋಗಿದ್ದೆ. ಆಯಮ್ಮನ್ನ ಹುಡುಕ್ದೆ. ಸಿಗ್ಲಿಲ್ಲ. ಕಂಡಿದ್ದೋರೂ ಯಾರೂ ಸಿಗ್ಲಿಲ್ಲ.”

“ಸಿಗ್ಲಿಲ್ಲಾ?”

“ಇಲ್ಲ.”

ಯಲ್ಲಮ್ಮ ಮೊದಲ ಸಲ ತಲೆ ಎತ್ತಿದಳು. ಹಬೆಯ ಆಚೆ ಪ್ರತಿಮಾಳ ಮುಖವನ್ನು, ಗೂಡಿನಲ್ಲಿ ಎಳೆಯ ತುದಿ ಹುಡುಕುವವಳಂತೆ, ತುಂಬ ಹೊತ್ತು ನೋಡಿದಳು. ಅಷ್ಟರಲ್ಲಿ ಅವಳ ನೂಲು ತೆಳುವಾಗಿ ಹರಿದೇಹೋಯಿತು. ಅವಳು ಅದನ್ನು ಗಮನಿಸಲಿಲ್ಲ.

“ಸಿಕ್ಕಿದ್ಲು ಅಂತ ಹೇಳ್ಬೋದಾಗಿತ್ತಲ್ಲೇ ನೀನು” ಎಂದಳು. “ನಂಬ್ತಿದ್ದೆ.”

“ಹೇಳ್ಬೋದಾಗಿತ್ತು.”

“ಯಲ್ಲೀ, ನೂಲು ಕಿತ್ತೋಯ್ತು ನೋಡು!” ಎಂದು ಆಚೆ ತುದಿಯಿಂದ ಮುನಿರತ್ನಮ್ಮ ಕೂಗಿದಳು.

ಯಲ್ಲಮ್ಮ ಬಗ್ಗಿದಳು. ಹರಿದ ತುದಿಯನ್ನು ಹುಡುಕಿ ಎತ್ತಿಕೊಂಡಳು. ಬಿಳಿಚಿದ ಬೆರಳುಗಳಿಂದ ಎಂಟು ಎಳೆ ಒಂದೊಂದಾಗಿ ಕೂಡಿಸಿದಳು. ನೂಲು ಮತ್ತೆ ರಾಟೆಗೆ ಏರಿದ ಮೇಲೆ, ಯಾರನ್ನೂ ಕೇಳದೆ, ಯಾರಿಗೂ ಅಲ್ಲದ ಹಾಗೆ ಹೇಳಿದಳು.

“ಹಂಗಾದ್ರೆ ನೀರ್ ಕುಡ್ದಿದ್ದ. ತಣ್ಣಗಾಯ್ತು ಅಂದ.”